ಮೂರು ಹಳೇ ಸಿಪಿಯು, ಒಂದೇ ಮೇಜು: ನಮ್ಮ ಮನೆಗೆ ಯಾವುದು ಸರಿಹೋಯಿತು

ಅಂಗಡಿಯವರು "ಐ5 ಇದೆ ಸಾರ್, ಕಂಪನಿಯಿಂದ ಬಂದ ಮಾಲು" ಅಂದ ತಕ್ಷಣ ದುಡ್ಡು ತೆಗೆಯಬೇಡಿ. ಐ5 ಅನ್ನೋದು ಇಂಟೆಲ್ ಕಂಪನಿಯ ಪ್ರೊಸೆಸರ್ (ಸಿಪಿಯು ಡಬ್ಬಿಯೊಳಗೆ ಲೆಕ್ಕ ಮಾಡುವ ಚಿಪ್) ಸಾಲಿನ ಹೆಸರು. ಎಷ್ಟನೇ ಜನರೇಷನ್, ಅಂದರೆ ಎಷ್ಟನೇ ತಲೆಮಾರಿನದು, ಅಂತ ಮೊದಲು ಕೇಳಿ. ಐ5-4590 ಕೂಡ ಐ5, ಐ5-8500 ಕೂಡ ಐ5. ಗೆರೆ ಆದಮೇಲೆ ಬರುವ ಮೊದಲ ಅಂಕಿ ನೋಡಿದರೆ ಗೊತ್ತಾಗುತ್ತದೆ, ಒಂದು ನಾಲ್ಕನೇ ಜನರೇಷನ್, ಇನ್ನೊಂದು ಎಂಟನೇದು. ಅದರಲ್ಲಿ 4 ಕೋರ್ (ಒಟ್ಟೊಟ್ಟಿಗೆ ಕೆಲಸ ಮಾಡುವ ಭಾಗ), ಇದರಲ್ಲಿ 6. ಎರಡಕ್ಕೂ ನಡುವೆ ನಾಲ್ಕೈದು ವರ್ಷದ ಅಂತರ ಇದೆ. ನನಗೆ ಇದು ಗೊತ್ತಾದದ್ದು ಮೊದಲನೇ ಸಿಪಿಯು ಮನೆಗೆ ಬಂದ ಮೇಲೆ.

ನಾವಿರೋದು ಮಂಡ್ಯದ ಅಂಚಿನಲ್ಲಿ. ಮಗಳು ಇಂಜಿನಿಯರಿಂಗ್ ಎರಡನೇ ವರ್ಷ. ಹೆಂಡತಿ ಮನೆಯಲ್ಲೇ ಕೂತು ಕನ್ನಡ ಟೈಪಿಂಗ್ ಕೆಲಸ ಮಾಡುತ್ತಾಳೆ, ಎಲ್ಲಾ ನುಡಿ ತಂತ್ರಾಂಶದಲ್ಲೇ. ಎರಡು ವರ್ಷದಲ್ಲಿ ನಮ್ಮ ಮೇಜಿನ ಮೇಲೆ ಮೂರು ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಮಾಡಿ ಮಾರುವ) ಸಿಪಿಯು ಓಡಿವೆ. ಮೊದಲು ತಂದದ್ದು ಡೆಲ್ ಆಪ್ಟಿಪ್ಲೆಕ್ಸ್ 9020, ನಾಲ್ಕನೇ ಜನರೇಷನ್ನಿನ ದೊಡ್ಡ ಟವರ್. ಆಮೇಲೆ ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ4, ಸ್ಮಾಲ್ ಫಾರ್ಮ್ ಅಂತಾರಲ್ಲ, ಆ ಮಧ್ಯಮ ಸೈಜಿನದು. ಮೂರನೇದು ಲೆನೊವೊ ಥಿಂಕ್‌ಸೆಂಟರ್ ಎಂ720ಕ್ಯೂ. ದಪ್ಪನೆಯ ಒಂದು ಪುಸ್ತಕದಷ್ಟೇ ಇದೆ. ಇದು ಮೈಸೂರಿನ ಕುವೆಂಪುನಗರದಲ್ಲಿರುವ ನನ್ನ ಭಾವಮೈದನದು, ಹದಿನೈದು ದಿನ ಇಟ್ಟುಕೊಂಡು ನೋಡಿ ಭಾವ ಅಂತ ಕೊಟ್ಟಿದ್ದ.

ಟವರ್‌ಗೆ ಕೊಟ್ಟದ್ದು 7,000 ರೂಪಾಯಿ. ಅದರ ಮೇಲೆ ನನಗೆ ಇವತ್ತಿಗೂ ಪ್ರೀತಿ ಇದೆ. ಬಾಗಿಲು ತೆಗೆಯೋಕೆ ಸ್ಕ್ರೂಡ್ರೈವರ್ ಬೇಡ. ಒಳಗೆ ಕೈ ಆಡಿಸೋಕೆ ಜಾಗ ಇದೆ, ರ‍್ಯಾಮ್‌ಗೆ ನಾಲ್ಕು ಸ್ಲಾಟ್ ಇವೆ, ಪೂರ್ತಿ ಎತ್ತರದ ಗ್ರಾಫಿಕ್ಸ್ ಕಾರ್ಡ್ ಆರಾಮಾಗಿ ಕೂರುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಸಾಟಾ ಎಸ್‌ಎಸ್‌ಡಿ (ಹಳೇ ಡಿಸ್ಕಿನ ಕೇಬಲ್‌ಗೇ ಕೂರುವ, ಚಿಪ್‌ನಿಂದಾದ ವೇಗದ ಡಿಸ್ಕ್) ಹಾಕಿದೆ, ರ‍್ಯಾಮ್ 4ರಿಂದ 16 ಜಿಬಿಗೆ ಏರಿಸಿದೆ. ಮೊದಲು ಆನ್ ಮಾಡಿ ಅಡುಗೆಮನೆಗೆ ಹೋಗಿ ಕಾಫಿ ತಂದರೂ ವಿಂಡೋಸ್ ತಿರುಗುತ್ತಲೇ ಇರುತ್ತಿತ್ತು, ಎಸ್‌ಎಸ್‌ಡಿ ಆದಮೇಲೆ ಅರ್ಧ ನಿಮಿಷದೊಳಗೆ ಕೆಲಸಕ್ಕೆ ಸಿದ್ಧ. ಹಳೇ ಸಿಪಿಯುಗೆ ಮಾಡುವ ಖರ್ಚಿನಲ್ಲಿ ಎಸ್‌ಎಸ್‌ಡಿಯಷ್ಟು ಫಲ ಕೊಡೋದು ಬೇರೆ ಯಾವುದೂ ಇಲ್ಲ, ಇದನ್ನು ಖಂಡಿತವಾಗಿ ಹೇಳುತ್ತೇನೆ.

ಅಲ್ಲಿಂದ ಮುಂದಕ್ಕೆ ದಾರಿ ಇಲ್ಲ. ಅದರ ರ‍್ಯಾಮ್ ಡಿಡಿಆರ್3, ಹಳೇ ಬಗೆಯದು, ನಾಳೆ ಹೊಸ ಬೋರ್ಡ್ ತಂದರೆ ಅದಕ್ಕೆ ಕೂರೋದಿಲ್ಲ. ಸಣ್ಣ ಪಟ್ಟಿಯಂಥ ಎಸ್‌ಎಸ್‌ಡಿ ನೇರವಾಗಿ ಬೋರ್ಡಿಗೇ ಕೂರುವ ಎಂ.2 ಸ್ಲಾಟ್ ಇಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ ವಿಂಡೋಸ್‌ದು. ವಿಂಡೋಸ್ 11 ಬೇಕು ಅಂದರೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಮತ್ತು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇರಬೇಕು ಅಂತ ಮೈಕ್ರೋಸಾಫ್ಟ್ ನಿಯಮ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ತಪಾಸಣೆ ದಾಟಿಸಿ 11 ಹಾಕಿಕೊಡೋ ಹುಡುಗರು ಇದ್ದಾರೆ, ಹಾಕಿದರೆ ಓಡುತ್ತದೆ ಕೂಡ. ನಮ್ಮನೆಯಲ್ಲಿ ಬೇರೆಯವರ ಕ್ರಯಪತ್ರ, ಕರಾರು ಪತ್ರಗಳೆಲ್ಲ ಅದೇ ಸಿಪಿಯುನಲ್ಲಿ ಇರುತ್ತವೆ. ಮುಂದೆ ಅಪ್‌ಡೇಟ್ ಬರುತ್ತೋ ಇಲ್ಲವೋ ಅನ್ನೋ ಸ್ಥಿತಿಯಲ್ಲಿ ಅವನ್ನು ಇಡೋಕೆ ನನಗೆ ಮನಸ್ಸು ಬರಲಿಲ್ಲ. ವಿಂಡೋಸ್ ಬದಲು ಬಳಸುವ ಉಚಿತ ಲಿನಕ್ಸ್ ಮಿಂಟ್ ಹಾಕಿ ನೋಡಿದೆ, ತುಂಬಾ ಚೆನ್ನಾಗಿ ಓಡಿತು. ಹೆಂಡತಿಯ ಹಳೇ ನುಡಿ ಫೈಲುಗಳ ಕೆಲಸ ಮಾತ್ರ ಅದರಲ್ಲಿ ಸಾಗಲಿಲ್ಲ.

ಎಲೈಟ್‌ಡೆಸ್ಕ್ 14,500 ಆಯಿತು. ಐ5-8500, 8 ಜಿಬಿ ರ‍್ಯಾಮ್, ಡಿಸ್ಕ್ ಇಲ್ಲದೆ. ಡಿಸ್ಕ್ ಬೇಡ ಅಂತ ನಾನೇ ಹೇಳಿದೆ, ಅದಕ್ಕೊಂದು ಕಾರಣ ಇದೆ. ಟವರ್ ತಂದಾಗ ಅಂಗಡಿಯವರು "ಹಾರ್ಡ್ ಡಿಸ್ಕ್ ಹೊಸದರ ಥರಾನೇ ಇದೆ" ಅಂದಿದ್ದರು. ಮನೆಗೆ ಬಂದು ಡಿಸ್ಕಿನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದರೆ 31,000 ಗಂಟೆ ಓಡಿತ್ತು. ಹಗಲು ರಾತ್ರಿ ಲೆಕ್ಕ ಹಾಕಿದರೂ ಮೂರೂವರೆ ವರ್ಷ! ವಾಪಸ್ ತಗೊಳ್ಳಿ ಅಂದೆ, ತಗೊಳ್ಳಲಿಲ್ಲ. ಆವತ್ತಿಂದ ಡಿಸ್ಕ್ ಬಿಟ್ಟು ಬೆಲೆ ಹೇಳಿ ಅಂತಲೇ ಕೇಳುತ್ತೇನೆ.

ಇದರಲ್ಲಿ ಎನ್‌ವಿಎಂಇ (ಸಾಟಾಗಿಂತ ವೇಗದ) ಎಸ್‌ಎಸ್‌ಡಿಗೆ ಎರಡು ಎಂ.2 ಸ್ಲಾಟ್ ಇವೆ, ಡಿಡಿಆರ್4 ರ‍್ಯಾಮ್‌ಗೆ ನಾಲ್ಕು. ಒಂದು 512 ಜಿಬಿ ಎಸ್‌ಎಸ್‌ಡಿ ಹಾಕಿದೆ, ಇನ್ನೊಂದು ಸ್ಲಾಟ್ ಮುಂದಕ್ಕೆ ಖಾಲಿ ಇದೆ. ವಿಂಡೋಸ್ 11 ಯಾವ ತಕರಾರೂ ಇಲ್ಲದೆ ಕೂತಿತು. ಮಗಳು ಮೊಬೈಲ್ ಆ್ಯಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋ ತೆಗೆದು ಎಮ್ಯುಲೇಟರ್ (ಪರದೆ ಮೇಲಿನ ನಕಲಿ ಫೋನ್) ಓಡಿಸಿದಾಗ 8 ಜಿಬಿ ಸಾಲದೆ ಎಲ್ಲಾ ಜಗ್ಗುತ್ತಿತ್ತು, ಇನ್ನೊಂದು 8 ಸೇರಿಸಿದ ಮೇಲೆ ಅವಳ ಗೊಣಗಾಟ ನಿಂತಿತು. ಟವರ್‌ನಲ್ಲೂ 16 ಜಿಬಿ ಇತ್ತಲ್ಲ ಅಂತ ಅದೇ ಪ್ರಾಜೆಕ್ಟ್ ಅಲ್ಲಿ ಓಡಿಸಿ ನೋಡಿದೆವು, ಬಿಲ್ಡ್ ಆಗೋಕೆ (ಬರೆದ ಕೋಡ್ ಆ್ಯಪ್ ಆಗೋಕೆ) ಹತ್ತಿರಹತ್ತಿರ ಎರಡರಷ್ಟು ಹೊತ್ತು ತಗೊಂಡಿತು. ಟೈಪಿಂಗ್‌ಗೆ, ಬ್ಯಾಂಕ್ ಕೆಲಸಕ್ಕೆ ಎರಡಕ್ಕೂ ಏನೂ ವ್ಯತ್ಯಾಸ ಕಾಣೋದಿಲ್ಲ.

ಇದರ ಮಿತಿ ಜಾಗದ್ದು. ಗ್ರಾಫಿಕ್ಸ್ ಕಾರ್ಡ್ ಹಾಕಬೇಕಾದರೆ ಗಿಡ್ಡ ಕಾರ್ಡೇ ಆಗಬೇಕು, ಲೋ ಪ್ರೊಫೈಲ್. ಸ್ನೇಹಿತರ ಹತ್ತಿರ ಒಂದು ಮಾಮೂಲಿ ಕಾರ್ಡ್ ತಂದು ಇಟ್ಟು ನೋಡಿದೆ, ಮುಚ್ಚಳವೇ ಹಾಕೋಕಾಗಲಿಲ್ಲ. ಸ್ಲಾಟ್‌ನಿಂದ ಸಿಗೋದು ಹೆಚ್ಚೆಂದರೆ 75 ವ್ಯಾಟ್, ಬೇರೆ ಪವರ್ ಕೇಬಲ್ ಕೇಳುವ ಕಾರ್ಡ್ ಇಲ್ಲಿಗೆ ಆಗೋದಿಲ್ಲ. ಇನ್ನೊಂದು ವಿಷಯ: ಡೆಲ್ ಆಗಲಿ ಎಚ್‌ಪಿ ಆಗಲಿ, ಈ ಆಫೀಸ್ ಸಿಪಿಯುಗಳ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಡಬ್ಬಿ) ಮಾಮೂಲಿ 24 ಪಿನ್‌ದಲ್ಲ. 9020ರದು 8 ಪಿನ್. ಅದು ಹೋದರೆ ಪಕ್ಕದ ಅಂಗಡಿಯ ಸಾಧಾರಣ ಎಸ್‌ಎಂಪಿಎಸ್ ನೇರವಾಗಿ ಕೂರೋದಿಲ್ಲ, ಟವರ್ ಆದರೆ ಕನ್ವರ್ಟರ್ ಕೇಬಲ್ ಹಾಕಿ ಸುಧಾರಿಸಬಹುದು, ಸಣ್ಣ ಡಬ್ಬಿಯಲ್ಲಿ ಅಳತೆಯೂ ಹೊಂದೋದಿಲ್ಲ, ಅದೇ ಮಾಡೆಲ್‌ದೇ ಹುಡುಕಬೇಕು. ಕರೆಂಟ್ ಹೋಗಿ ಬಂದು ಮಾಡುವ ನಮ್ಮಂಥ ಕಡೆ ಇದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು, ಅಲ್ವಾ?

ಕರೆಂಟ್ ವಿಷಯದಲ್ಲಿ ಪುಟ್ಟ ಲೆನೊವೊ ಇಬ್ಬರನ್ನೂ ಸೋಲಿಸಿತು. ಲ್ಯಾಪ್‌ಟಾಪ್ ಥರದ 65 ವ್ಯಾಟ್ ಅಡಾಪ್ಟರ್‌ನಲ್ಲಿ ಓಡುತ್ತದೆ. ನಮ್ಮ 600 ವಿಎ ಯುಪಿಎಸ್‌ನಲ್ಲಿ ಟವರ್ ಮತ್ತು ಮಾನಿಟರ್ ಸೇರಿ ಹತ್ತು ನಿಮಿಷ ಬಂದರೆ ಹೆಚ್ಚು. ಇದು ಅದೇ ಮಾನಿಟರ್ ಜೊತೆ ಅರ್ಧ ಗಂಟೆ ಹತ್ತಿರ ನಿಂತಿತು. ಹೆಂಡತಿಗೆ ಇದೇ ಇಷ್ಟ ಆಯಿತು, ಮೇಜು ಖಾಲಿ ಖಾಲಿ ಕಾಣುತ್ತೆ ಅಂದಳು. ಬರೀ ಟೈಪಿಂಗ್, ಬಿಲ್ಲು, ಯೂಟ್ಯೂಬ್ ಅಷ್ಟೇ ಆದರೆ ನಾನೂ ಇದನ್ನೇ ತಗೊಳ್ಳಿ ಅನ್ನುತ್ತೇನೆ. ಅಪ್‌ಗ್ರೇಡ್ ಮಾಡಬೇಕು ಅನ್ನೋರಿಗೆ ಇಲ್ಲಿ ಸಿಗೋದು ಕಡಿಮೆ. ಒಂದು ಎಂ.2, ಒಂದು ಎರಡೂವರೆ ಇಂಚಿನ ಡಿಸ್ಕ್ ಜಾಗ, ಲ್ಯಾಪ್‌ಟಾಪ್ ರ‍್ಯಾಮ್‌ಗೆ ಎರಡು ಸ್ಲಾಟ್. ಪ್ರೊಸೆಸರ್ ಐ5-8500ಟಿ. ಕೊನೆಯ ಆ 'ಟಿ' ಅಕ್ಷರ ಸುಮ್ನೆ ಇಲ್ಲ, ಇದು 35 ವ್ಯಾಟ್‌ನದು, ಎಲೈಟ್‌ಡೆಸ್ಕ್‌ನದು 65. ಅದರ ನಿಧಾನ ಮಾಮೂಲಿ ಕೆಲಸದಲ್ಲಿ ಗೊತ್ತಾಗಲಿಲ್ಲ, ಮಗಳ ಬಿಲ್ಡ್ ಓಡುವಾಗ ಗೊತ್ತಾಯಿತು.

ಧೂಳಿನ ಮಾತೂ ಹೇಳಬೇಕು. ನಮ್ಮ ಮನೆ ಮಹಡಿ ಮೇಲೆ ನಿಂತರೆ ಎರಡು ಆಲೆಮನೆ ಕಾಣುತ್ತವೆ. ಬೆಲ್ಲ ಬೇಯಿಸುವ ದಿನಗಳಲ್ಲಿ ರಚ್ಚು (ಕಬ್ಬು ಹಿಂಡಿದ ಸಿಪ್ಪೆ) ಉರಿದ ಕರಿ ಬೂದಿ ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ, ಸಿಪಿಯು ಒಳಗೂ ಹೋಗುತ್ತದೆ. ಮೂರನ್ನೂ ಬಿಚ್ಚೋದು ಸುಲಭವೇ, ಲೆನೊವೊಗೆ ಹಿಂದೆ ಒಂದೇ ಸ್ಕ್ರೂ. ಹಳೇ ಸಿಪಿಯು ತಂದ ದಿನವೇ ಫ್ಯಾನ್ ಕ್ಲೀನ್ ಮಾಡಿ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ (ಬಿಸಿ ಹೊರಗೆ ಸಾಗಿಸುವ ಲೇಪ) ಬದಲಿಸಿ, ಬೋರ್ಡಿನ ಮೇಲಿನ ಸಿಆರ್2032 ಬಟನ್ ಸೆಲ್ ಕೂಡ ಹೊಸದು ಹಾಕಿ. ಖರ್ಚು ತೀರಾ ಕಡಿಮೆ.

ತಗೊಳ್ಳುವ ಮುಂಚೆ ಅಂಗಡಿಯಲ್ಲೇ ಬಯಾಸ್ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ತೆಗೆದು ನೋಡಿ. ಆನ್ ಮಾಡಿದ ತಕ್ಷಣ ಒತ್ತುವ ಕೀ ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10, ಲೆನೊವೊಗೆ ಎಫ್1. ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ, ಹಳೇ ಆಫೀಸಿನವರು ಹಾಕಿದ ಬೀಗ ಅದು. ಡೆಲ್ ಮೇಲೆ ಏಳು ಅಕ್ಷರದ ಸರ್ವಿಸ್ ಟ್ಯಾಗ್ ಇರುತ್ತದೆ, ಅದನ್ನು ಕಂಪನಿ ವೆಬ್‌ಸೈಟಿನಲ್ಲಿ ಹಾಕಿದರೆ ಆ ಸಿಪಿಯು ಹೊಸದಾಗಿದ್ದಾಗ ಒಳಗೆ ಏನೇನಿತ್ತು ಅಂತ ಬರುತ್ತದೆ. ಮನೆಯಲ್ಲಿ ಹಳೇ ವಿಜಿಎ ಮಾನಿಟರ್ ಇದ್ದರೆ ಹಿಂದಿನ ಪೋರ್ಟುಗಳನ್ನೂ ನೋಡಿಕೊಳ್ಳಿ, ನಮ್ಮ ಎಲೈಟ್‌ಡೆಸ್ಕ್‌ಗೆ ಡಿಸ್‌ಪ್ಲೇಪೋರ್ಟ್‌ನಿಂದ ವಿಜಿಎಗೆ ಕನ್ವರ್ಟರ್ ಬೇಕಾಯಿತು.

ಎಂಟನೇ ಜನರೇಷನ್ ಟವರೇ ಸಿಕ್ಕಿದ್ದರೆ, ಉದಾಹರಣೆಗೆ ಆಪ್ಟಿಪ್ಲೆಕ್ಸ್ 7060 ಟವರ್, ನಾನು ಎಲೈಟ್‌ಡೆಸ್ಕ್ ಕಡೆ ನೋಡುತ್ತಲೇ ಇರಲಿಲ್ಲ. ಮಂಡ್ಯ, ಮೈಸೂರು ಎರಡೂ ಕಡೆ ಸುತ್ತಿದೆ, ನನ್ನ ದುಡ್ಡಿಗೆ ಸಿಗಲಿಲ್ಲ. ಈಗ ಎಲೈಟ್‌ಡೆಸ್ಕ್ ಮಗಳಿಗೂ ಹೆಂಡತಿಗೂ, 9020 ಮಿಂಟ್ ಹಾಕಿಕೊಂಡು ಊರಲ್ಲಿ ತಮ್ಮನ ಮಕ್ಕಳ ಹತ್ತಿರ ಇದೆ. ಲೆನೊವೊ ಕುವೆಂಪುನಗರಕ್ಕೆ ವಾಪಸ್ ಹೋಯಿತು. ಮಗಳು 3ಡಿ ಚಿತ್ರ ಮಾಡುವ ಬ್ಲೆಂಡರ್ ಕಲಿಯೋಕೆ ಶುರು ಮಾಡಿದ್ದಾಳೆ, ಹಾಗಾಗಿ ಜಿಟಿಎಕ್ಸ್ 1650 ಲೋ ಪ್ರೊಫೈಲ್ ಗ್ರಾಫಿಕ್ಸ್ ಕಾರ್ಡ್ ಹುಡುಕುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಗಿಡ್ಡ ಬ್ರಾಕೆಟ್ ಜೊತೆಗೇ ಇರಬೇಕು.