ಮಲ್ಪೆಯ ಹಳೆ ಫ್ಯಾನ್ ಅಂಗಡಿ: ಅಳೆಯದೆ ದುಡ್ಡು ಕೊಡಬೇಡಿ

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಬೋಟ್ ದಡಕ್ಕೆ ಎಳೆದಾಗಲೇ ಫ್ಯಾನ್, ಅಂದರೆ ನೀರು ತಳ್ಳಿ ಬೋಟ್ ಓಡಿಸುವ ಪ್ರೊಪೆಲ್ಲರ್, ಬದಲಿಸುವ ಕೆಲಸ ಆಗಬೇಕು. ಮಲ್ಪೆ ಬಂದರಿನ ಬಳಿಯ ಈ ಅಂಗಡಿಯಲ್ಲಿ ಬಲೆ ಎಳೆಯುವ ಟ್ರಾಲ್‌ಬೋಟಿಗೆ ಆಗುವ ಮೂರು, ನಾಲ್ಕು ರೆಕ್ಕೆಯ ಹಳೆ ಫ್ಯಾನ್‌ಗಳು ರಾಶಿ ಬಿದ್ದಿವೆ. ಸರಕು ಒಳ್ಳೆಯದೇ. ಆರಿಸುವ ಹೊಣೆ ಮಾತ್ರ ಪೂರ್ತಿ ಗಿರಾಕಿಯದು.

ಬಾಸ್ ಮೇಲೆ, ಅಂದರೆ ರೆಕ್ಕೆಗಳು ಸೇರುವ ನಡುಭಾಗದಲ್ಲಿ, 36 x 24 ಎಂದಿದ್ದರೆ ವ್ಯಾಸ 36 ಇಂಚು, ಪಿಚ್ (ಲೆಕ್ಕದ ಪ್ರಕಾರ ಫ್ಯಾನ್ ಒಂದು ಸುತ್ತಿಗೆ ಮುಂದೆ ಹೋಗುವ ದೂರ) 24 ಇಂಚು. ಅದು ಹೊಸದಿದ್ದಾಗಿನ ಲೆಕ್ಕ. ಆಮೇಲೆ ಕಲ್ಲಿಗೆ ತಾಗಿ, ಸುತ್ತಿಗೆ ಏಟು ತಿಂದು ಎಷ್ಟು ಬದಲಾಗಿದೆಯೋ! ಇಲ್ಲಿ ಒಂದು ಸಮತಟ್ಟಾದ ಕಬ್ಬಿಣದ ಮೇಜಿದೆ, ಕೇಳಿದರೆ ಅಳೆಯಲು ಬಿಡುತ್ತಾರೆ. ಈ ಅಂಗಡಿಗೇ ಬರಬೇಕು ಎನ್ನಲು ಅದೊಂದೇ ಕಾರಣ ಸಾಕು. ನೀರು ತಳ್ಳುವ ಮುಖ ಮೇಲೆ ಬರುವಂತೆ ಫ್ಯಾನ್ ಮಲಗಿಸಿ, ನಡುವಿನಿಂದ 12.6 ಇಂಚಿಗೆ, ಅಂದರೆ ವ್ಯಾಸದ ಅರ್ಧವಾದ 18 ಇಂಚಿನ ಶೇ. 70ಕ್ಕೆ, ಪ್ರತಿ ರೆಕ್ಕೆಯ ಮೇಲೂ ಚಾಕ್‌ಪೀಸಿನಿಂದ ಗೀರು ಎಳೆಯಿರಿ. ಗೀರಿನ ಮೇಲೆ 30 ಡಿಗ್ರಿ ಅಂತರದ ಎರಡು ಜಾಗದ ಎತ್ತರ ಅಳೆದು, ವ್ಯತ್ಯಾಸವನ್ನು 12ರಿಂದ ಗುಣಿಸಿ. 2 ಇಂಚು ಬಂದರೆ ಪಿಚ್ 24. ಒಂದು ರೆಕ್ಕೆಯಲ್ಲಿ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು ಕಡಿಮೆಯಾದರೂ ಪಿಚ್ ಒಂದೂವರೆ ಇಂಚು ಇಳಿಯಿತು. ಅಂಥ ಫ್ಯಾನ್ ಹಾಕಿದರೆ ಬೋಟ್ ನಡುಗುತ್ತದೆ, ಶಾಫ್ಟ್ ಹಾದುಹೋಗುವ ಸ್ಟರ್ನ್ ಟ್ಯೂಬಿನ ಬುಷ್ ಬೇಗ ಸವೆಯುತ್ತದೆ.

ಹಗ್ಗಕ್ಕೆ ತೂಗುಹಾಕಿ ರೆಕ್ಕೆಗೆ ಮೆಲ್ಲಗೆ ತಟ್ಟಿ ನೋಡಿ. ಗಂಟೆಯಂತೆ ನಾದ ಬರಬೇಕು. ದಪ್ಪ ಸದ್ದು ಬಂದರೆ ರೆಕ್ಕೆಯ ಬುಡದಲ್ಲಿ ಬಿರುಕು ಹುಡುಕಿ. ಎಮರಿ ಕಾಗದದಲ್ಲಿ ಉಜ್ಜಿದಾಗ ಹಳದಿಯ ಬದಲು ಗುಲಾಬಿ ಬಣ್ಣ ಕಂಡರೆ ಉಪ್ಪುನೀರು ಲೋಹದಲ್ಲಿನ ಸತುವನ್ನು ತಿಂದಿದೆ. ಅದಕ್ಕೆ ವೆಲ್ಡಿಂಗ್ ನಿಲ್ಲುವುದಿಲ್ಲ, ಬಿಟ್ಟುಬಿಡಿ.

ಬೋರ್, ಅಂದರೆ ಶಾಫ್ಟ್ ಕೂರುವ ತೂತಿನ ವಿಷಯದಲ್ಲಿ ಅಂಗಡಿಯವರ ಮಾತು ಸಾಲದು. 1:10 ಮತ್ತು 1:12 ಟೇಪರ್ (ತುದಿಗೆ ಹೋದಂತೆ ಕಿರಿದಾಗುವ ಇಳಿಜಾರು) ಕಣ್ಣಿಗೆ ಒಂದೇ ಥರ ಕಾಣುತ್ತವೆ. ಶಾಫ್ಟಿಗೆ ನೀಲಿ ಬಣ್ಣ ತೆಳ್ಳಗೆ ಸವರಿ, ಕೀ (ಶಾಫ್ಟಿನ ಮೇಲೆ ಫ್ಯಾನ್ ಜಾರದಂತೆ ತಡೆಯುವ ಲೋಹದ ತುಂಡು) ಇಲ್ಲದೆ ಫ್ಯಾನ್ ಒತ್ತಿ ತೆಗೆಯಿರಿ. ಬೋರಿನ ಒಳಗೆ ಶೇ. 70ರಷ್ಟಾದರೂ ನೀಲಿ ಹಿಡಿದಿರಬೇಕು. ಆಮೇಲೆ ಕೀ ಹಾಕಿದಾಗ ಅದರ ನೆತ್ತಿ ಬಾಸಿಗೆ ತಾಗಬಾರದು. ತಾಗಿದರೆ ಫ್ಯಾನ್ ಟೇಪರಿನ ಮೇಲೆ ಕೂರುವುದೇ ಇಲ್ಲ. ಬೋರ್ ಸಣ್ಣದಿದ್ದರೆ ಲೇತಿನಲ್ಲಿ ಹಿಗ್ಗಿಸಬಹುದು, ದೊಡ್ಡದಿದ್ದರೆ ಬೇಡ.

ಬಲಕ್ಕೆ ತಿರುಗುವುದೋ ಎಡಕ್ಕೋ ಎಂಬುದನ್ನು ಗೇರ್‌ಬಾಕ್ಸ್ ನೋಡಿಯೇ ಹೇಳಿ. ಜೋರಾಗಿ ಓಡುವ ಬೋಟಿನಿಂದ ಬಿಚ್ಚಿದ, ಪಿಚ್ ಹೆಚ್ಚಿರುವ ಫ್ಯಾನ್ ಬಲೆ ಎಳೆಯುವ ಬೋಟಿಗೆ ಸಲ್ಲದು. ನಿಧಾನಕ್ಕೆ ಎಳೆಯಲು ವ್ಯಾಸ ಹೆಚ್ಚು, ಪಿಚ್ ಕಡಿಮೆ ಬೇಕು.

ಟ್ರಯಲ್ ಅಳಿವೆ ದಾಟಿ ಆಳದ ನೀರಿನಲ್ಲೇ ಆಗಲಿ. 1800 ಆರ್‌ಪಿಎಂ ಎಂಜಿನ್ ಪೂರ್ತಿ ಕೊಟ್ಟರೂ 1650ಕ್ಕೆ ನಿಂತು ಕಪ್ಪು ಹೊಗೆ ಉಗುಳಿದರೆ ಫ್ಯಾನಿನ ಹೊರೆ ಎಂಜಿನ್ನಿಗೆ ಹೆಚ್ಚಾಯಿತು. ಮೊದಲು ಪಿಚ್ ಇಳಿಸಿ. ವ್ಯಾಸ 36ರಿಂದ 35ಕ್ಕೆ ಕತ್ತರಿಸಿದರೆ ಹೊರೆ ಸುಮಾರು ಶೇ. 13 ಇಳಿಯುತ್ತದೆ, ಆದರೆ ಎಳೆತವೂ ಹೋಗುತ್ತದೆ. ಪಿಚ್ ತಿರುಚುವ ಕೆಲಸ ಇಲ್ಲೇ ಆಗುತ್ತದೆ, 2 ಇಂಚಿಗಿಂತ ಹೆಚ್ಚಿಗೆ ಒಪ್ಪುವುದಿಲ್ಲ. ಸರಿಯಾದ ನಿಲುವು.

ಬೆಲೆ ತೂಕದ ಮೇಲೆ. ಟ್ರಯಲಿನಲ್ಲಿ ಹೊಂದದಿದ್ದರೆ ಬದಲಿಸಿಕೊಡುತ್ತೇವೆ ಎನ್ನುತ್ತಾರೆ. ಅದನ್ನು ಅಳೆದ ಪಿಚ್ ಸಮೇತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.