ಫಾರ್ಸ್ಟರ್ ಫುಲ್ ಲೆಂತ್ ಸೈಜಿಂಗ್ ಡೈ: ಕುತ್ತಿಗೆ ನೆಟ್ಟಗೆ ಬರುತ್ತದೆ, ಭುಜದ ಅಳತೆ ನೀವೇ ನೋಡಿಕೊಳ್ಳಬೇಕು

ಹೊಡೆದ ಗುಂಡಿನ ಖಾಲಿ ಹಿತ್ತಾಳೆ ಕೇಸನ್ನು ಮತ್ತೆ ತುಂಬಿ ಬಳಸಬೇಕಾದರೆ ಮೊದಲು ಪ್ರೆಸ್‌ನಲ್ಲಿ ಹಿಂಡಿ ಅಳತೆಗೆ ತರಬೇಕು, ಹಾಗೆ ಹಿಂಡುವ ಅಚ್ಚೇ ಸೈಜಿಂಗ್ ಡೈ. ಕೇಸ್‌ನಲ್ಲಿ ಗುಂಡು ಕೂರುವ ಕಿರಿದಾದ ತುದಿ ಕುತ್ತಿಗೆ, ಅದರ ಕೆಳಗಿನ ಇಳಿಜಾರು ಭುಜ. .308 ವಿಂಚೆಸ್ಟರ್ ಕೇಸ್‌ಗಳಿಗೆ ನಾನು ಬಳಸುತ್ತಿರುವುದು ಫಾರ್ಸ್ಟರ್ ಕಂಪನಿಯ ಫುಲ್ ಲೆಂತ್ ಡೈ, ಅಂದರೆ ಕೇಸನ್ನು ಪೂರ್ತಿ ಉದ್ದಕ್ಕೂ ಹಿಂಡುವಂಥದ್ದು. ನನ್ನದು ಬೋಲ್ಟ್ ರೈಫಲ್, ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ಮುಚ್ಚುವಂಥದ್ದು. ಈ ಡೈ ಧಾರಾಳವಾಗಿ ಕೊಳ್ಳಬಹುದು, ಅದಕ್ಕೆ ದೊಡ್ಡ ಕಾರಣ ಒಳಗಿರುವ ಎಕ್ಸ್‌ಪ್ಯಾಂಡರ್ ಬಾಲ್, ಅಂದರೆ ಹಿಂಡಿದ ಕುತ್ತಿಗೆಯನ್ನು ಒಳಗಿನಿಂದ ಸರಿಯಾದ ಅಳತೆಗೆ ಹಿಗ್ಗಿಸುವ ಗುಂಡು.

ಸಾಮಾನ್ಯ ಡೈಗಳಲ್ಲಿ ಈ ಬಾಲ್ ಕೆಳಗೆ ತೂಗಾಡುತ್ತಿರುತ್ತದೆ. ಕೇಸ್ ಕೆಳಗಿಳಿಯುವಾಗ ಕುತ್ತಿಗೆ ಡೈಯಿಂದ ಹೊರಗೆ ಬಂದಾಗಿರುತ್ತದೆ, ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಆಗ ಬಾಲ್ ಅದರೊಳಗಿಂದ ಎಳೆದುಕೊಂಡು ಹೋದರೆ ಕುತ್ತಿಗೆ ಒಂದು ಕಡೆ ವಾಲದೆ ಇರುತ್ತದಾ? ಫಾರ್ಸ್ಟರ್‌ನಲ್ಲಿ ಬಾಲ್ ತುಂಬಾ ಮೇಲಿದೆ. ಕುತ್ತಿಗೆ ಇನ್ನೂ ಡೈಯೊಳಗೇ ಇರುವಾಗ ಬಾಲ್ ಒಳಗೆ ಹೊಕ್ಕುತ್ತದೆ, ಹಾಗಾಗಿ ನೆಟ್ಟಗೆ ಬರುತ್ತದೆ. ವಾಲಿಕೆ ಅಳೆಯುವ ರನ್‌ಔಟ್ ಗೇಜ್ ಮೇಲೆ ಕೇಸ್ ಉರುಳಿಸಿ ನೋಡಿ, ಮುಳ್ಳು ಹೆಚ್ಚೇನೂ ಅಲುಗಾಡುವುದಿಲ್ಲ. ಡೈಯನ್ನು ಪ್ರೆಸ್‌ನಲ್ಲಿ ಅದೇ ಎತ್ತರಕ್ಕೆ ನಿಲ್ಲಿಸುವ ಲಾಕ್ ರಿಂಗ್ ಕೂಡ ಚೆನ್ನಾಗಿದೆ, ಅಡ್ಡ ಬೋಲ್ಟ್‌ನಿಂದ ಬಿಗಿಯುವುದರಿಂದ ಡೈಯ ತಿರುಪಿನ ಸುತ್ತು (ಥ್ರೆಡ್) ಹಾಳಾಗುವುದಿಲ್ಲ.

ಆದರೆ ಡೈ ಎಷ್ಟೇ ಒಳ್ಳೆಯದಾಗಿರಲಿ, ಕೂರಿಸುವುದು ಸರಿಯಿಲ್ಲದಿದ್ದರೆ ಸುಮ್ನೆ ದುಡ್ಡು ದಂಡ. ಕೇಸ್‌ನ ಬುಡ ಹಿಡಿಯುವ ಶೆಲ್ ಹೋಲ್ಡರ್‌ಗೆ ತಾಗುವವರೆಗೆ ತಿರುಗಿಸಿ, ಮೇಲೆ ಇನ್ನೊಂದಿಷ್ಟು ತಿರುಗಿಸಿ ಅಂತ ಎಲ್ಲರೂ ಹೇಳುತ್ತಾರಲ್ವಾ, ಹಾಗೆ ಮಾಡಿದರೆ ಭುಜ ಬೇಕಾದ್ದಕ್ಕಿಂತ ಜಾಸ್ತಿ ಹಿಂದೆ ಹೋಗಬಹುದು. ಪ್ರತಿ ಸಲ ಹೊಡೆದಾಗಲೂ ಹಿತ್ತಾಳೆ ಹಿಗ್ಗಿ, ಬುಡದ ಸ್ವಲ್ಪ ಮೇಲೆ ಒಳಗಿನಿಂದ ತೆಳ್ಳಗಾಗುತ್ತಾ ಬರುತ್ತದೆ. ಹೊರಗೆ ಅಲ್ಲೊಂದು ಹೊಳೆಯುವ ಗೆರೆ ಕಂಡರೆ, ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಬಿಟ್ಟು ಗೋಡೆಗುಂಟ ಎಳೆದು ನೋಡಿ. ಗುಂಡಿಯಂತೆ ತಡೆದರೆ ಆ ಕೇಸ್ ಎಸೆಯಿರಿ. ಬುಡ ಕಿತ್ತುಬಂದರೆ ಅನಿಲ ಬೋಲ್ಟ್ ಕಡೆಗೆ, ಅಂದರೆ ನಿಮ್ಮ ಮುಖದ ಕಡೆಗೆ ನುಗ್ಗುತ್ತದೆ.

ಬೋಲ್ಟ್ ರೈಫಲ್‌ಗೆ ಭುಜವನ್ನು 0.001ರಿಂದ 0.002 ಇಂಚು ಹಿಂದೆ ತಳ್ಳಿದರೆ ಸಾಕು, ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೋಗೆ 0.003-0.004. ಬುಡದಿಂದ ಭುಜದವರೆಗಿನ ಈ ಉದ್ದ ಅಳೆಯಲು ನಾನು ಹಾರ್ನಡಿ ಕಂಪನಿಯ ಹೆಡ್‌ಸ್ಪೇಸ್ ಕಂಪೇರೇಟರ್ ಬಳಸುತ್ತೇನೆ, .308ಕ್ಕೆ ಅದರ .400 ಬುಶಿಂಗ್, ಅಂದರೆ ಭುಜದ ಮೇಲೆ ಕೂರುವ ಬಳೆ. ಅದು ತೋರಿಸುವ ಅಂಕಿ ಹೋಲಿಕೆಗೆ ಮಾತ್ರ, ರೈಫಲ್‌ನೊಳಗೆ ಕೇಸ್‌ಗೆ ಸಿಗುವ ಜಾಗ, ಅಂದರೆ ನಿಜವಾದ ಹೆಡ್‌ಸ್ಪೇಸ್ ಅಲ್ಲ. ಬುಡದಲ್ಲಿರುವ ಹಳೇ ಪ್ರೈಮರ್ (ಕಿಡಿ ಹೊತ್ತಿಸುವ ಬಿಲ್ಲೆ) ತೆಗೆದೇ ಅಳೆಯಿರಿ, ಅದು ಸ್ವಲ್ಪ ಉಬ್ಬಿದ್ದರೂ ಲೆಕ್ಕ ತಪ್ಪುತ್ತದೆ.

ಇಲ್ಲೊಂದು ವಿಚಿತ್ರ ಇದೆ. ಡೈಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋದರೆ ಮೊದಲು ಭುಜದ ಅಳತೆ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ! ಡೈ ಇನ್ನೂ ಭುಜಕ್ಕೆ ತಾಗಿರುವುದಿಲ್ಲ, ಮೈಯನ್ನು ಮಾತ್ರ ಹಿಂಡುತ್ತಿರುತ್ತದೆ, ಹಿಂಡಿದ ಹಿತ್ತಾಳೆ ಭುಜವನ್ನು ಮುಂದಕ್ಕೆ ದೂಡುತ್ತದೆ. ಆ ಕೇಸ್ ಹಾಕಿದರೆ ಬೋಲ್ಟ್ ಬಿಗಿಯಾಗುತ್ತದೆ, ಡೈಯೇ ಸರಿಯಿಲ್ಲ ಅನ್ನಿಸುತ್ತದೆ. ಗಾಬರಿ ಬೇಡ. ಕೂದಲೆಳೆಯಷ್ಟು ಇನ್ನೂ ಇಳಿಸಿ, ಡೈಯ ಭುಜ ತಾಗಿದ ಮೇಲೆ ಅಂಕಿ ಇಳಿಯಲು ಶುರುವಾಗುತ್ತದೆ.

ಕೇಸ್ ಡೈಯಲ್ಲಿ ಜಾರಲು ಹಚ್ಚುವ ಲೂಬನ್ನು ಬೆರಳಲ್ಲಿ ತೆಳ್ಳಗೆ ಸವರಿ. ಜಾಸ್ತಿಯಾದರೆ ಭುಜದಲ್ಲಿ ತಗ್ಗು, ಕಮ್ಮಿಯಾದರೆ ಕೇಸ್ ಒಳಗೇ ಕಚ್ಚಿಕೊಳ್ಳುತ್ತದೆ. ಸೈಜ್ ಮಾಡಿದ ಮೇಲೆ ಒಟ್ಟು ಉದ್ದವನ್ನೂ ನೋಡಿ, 2.015 ಇಂಚು ದಾಟಿದ್ದರೆ 2.005ಕ್ಕೆ ಟ್ರಿಮ್ ಮಾಡಿ.

ಈ ಡೈಯಲ್ಲಿ ಒಂದು ಕೊರತೆ ಇದೆ. ಕುತ್ತಿಗೆಯ ಅಳತೆ ಬದಲಿಸಲು ಬರುವುದಿಲ್ಲ. ದಪ್ಪ ಗೋಡೆಯ ಕೇಸ್ ಆದರೆ ಕುತ್ತಿಗೆಯನ್ನು ಜಾಸ್ತಿ ಹಿಂಡಿ, ಬಾಲ್‌ನಿಂದ ಮತ್ತೆ ಹಿಗ್ಗಿಸುತ್ತದೆ. ಹೀಗೆ ಹಿಂಡಿ ಹಿಗ್ಗಿಸಿ ಹಿತ್ತಾಳೆ ಗಡುಸಾಗಿ ಬೇಗ ಬಿರುಕು ಬಿಡುತ್ತದೆ, ಕುತ್ತಿಗೆಯನ್ನು ನಡುನಡುವೆ ಕಾಯಿಸಿ ಮೆದು ಮಾಡಲೇಬೇಕು. ಗಡುಸಾದ ಕೇಸ್ ಸ್ಪ್ರಿಂಗ್‌ನಂತೆ ವಾಪಸ್ ಬರುವುದರಿಂದ ಅದೇ ಸೆಟ್ಟಿಂಗ್‌ನಲ್ಲಿ ಭುಜದ ಅಳತೆಯೂ ಬೇರೆಯಾಗುತ್ತದೆ. ಕುತ್ತಿಗೆಯ ಬಿಗಿಯನ್ನು 0.001 ಇಂಚಿನ ಲೆಕ್ಕದಲ್ಲಿ ಬದಲಿಸಿಕೊಳ್ಳಬೇಕು ಅನ್ನುವವರು ರೆಡ್ಡಿಂಗ್‌ನ ಬುಶಿಂಗ್ ಡೈ (ಕುತ್ತಿಗೆ ಹಿಂಡುವ ಬಳೆಯನ್ನು ಬದಲಿಸಬಹುದಾದ ಡೈ) ನೋಡಲಿ. ಒಂದೇ ಕಂಪನಿಯ ಕೇಸ್‌ಗಳನ್ನು ಒಂದೇ ರೈಫಲ್‌ಗೆ ಬಳಸುವವರಿಗೆ ಫಾರ್ಸ್ಟರ್ ಸಾಕು.