ಕಾರಿಗಿಂತ ಮೊದಲು ಅರ್ಥಿಂಗ್: ವಿಜಯಪುರದಲ್ಲಿ ನೆಕ್ಸಾನ್ ಇವಿ

ಏಪ್ರಿಲ್ ತಿಂಗಳ ಒಂದು ರಾತ್ರಿ ಕಾರಿಗೆ ಚಾರ್ಜಿಂಗ್ ಗನ್ ಸಿಕ್ಕಿಸಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿ ಶೇ 22ರಲ್ಲೇ ನಿಂತಿತ್ತು, ಚಾರ್ಜರ್ ಡಬ್ಬಿಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಕರೆಸಿದ ಎಲೆಕ್ಟ್ರಿಷಿಯನ್ ಕಾರಿನ ಕಡೆ ತಿರುಗಿಯೂ ನೋಡದೆ ನೇರವಾಗಿ ಹಿತ್ತಲಿಗೆ ಹೋಗಿ, ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆದು, ಎರಡು ಕೊಡ ನೀರು ಸುರಿಯಲು ಹೇಳಿದರು. ಅರ್ಧ ತಾಸಿನ ನಂತರ ದೀಪ ಹಸಿರಾಯಿತು. ಮನೆಯ ಫ್ರಿಜ್ಜು, ಫ್ಯಾನುಗಳು ಅರ್ಥಿಂಗ್ ಹೇಗಿದ್ದರೂ ನಡೆಯುತ್ತವೆ. ಕಾರಿನ ಚಾರ್ಜರ್ ಮಾತ್ರ ಅದು ಸರಿಯಿಲ್ಲವೆಂದು ಕಂಡರೆ ಕೆಲಸವನ್ನೇ ಆರಂಭಿಸುವುದಿಲ್ಲ. ನಮ್ಮೂರಿನ ಬೇಸಿಗೆಯಲ್ಲಿ ನೆಲ ಕಾದು ಒಣಗಿದಾಗ ಆ ಗುಂಡಿಯೂ ಒಣಗುತ್ತದೆ. ಈಗ ಹೋಳಿ ಹುಣ್ಣಿಮೆ ಕಳೆದ ಮೇಲೆ ವಾರಕ್ಕೊಮ್ಮೆ ತುಳಸಿಗೆ ನೀರು ಹಾಕುವಾಗಲೇ ಅದಕ್ಕೂ ಒಂದು ಕೊಡ ಹಾಕುತ್ತೇವೆ.

ನಾನು ಟಾಟಾ ನೆಕ್ಸಾನ್ ಇವಿಯ 30.2 ಕಿಲೋವ್ಯಾಟ್ ಅವರ್ ಬ್ಯಾಟರಿಯ ಮಾದರಿಯನ್ನು 2023ರ ಮೇ ತಿಂಗಳಲ್ಲಿ ಕೊಂಡೆ. ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ. 15 ಆಂಪಿಯರ್ ಸಾಕೆಟ್ಟಿನಲ್ಲಿ ರಾತ್ರಿ ಎಂಟು ಒಂಬತ್ತು ತಾಸು ಬಿಟ್ಟರೆ ಬೆಳಿಗ್ಗೆಗೆ ತುಂಬಿರುತ್ತದೆ.

ಖರ್ಚಿನ ಲೆಕ್ಕವನ್ನು ಎಲ್ಲರೂ ಯೂನಿಟ್ ದರದಿಂದ ಆರಂಭಿಸುತ್ತಾರೆ, ನಾನೂ ಹಾಗೆಯೇ ಮಾಡಿದ್ದೆ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ ಸುಮಾರು 150 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿಯಂತೆ ಒಂಬೈನೂರು. ಆದರೆ ಕಾರು ಬಂದ ಎರಡೇ ತಿಂಗಳಿಗೆ ಗೃಹಜ್ಯೋತಿ ಯೋಜನೆಯೂ ಬಂತು. 110 ಯೂನಿಟ್ ಬಳಸುತ್ತಿದ್ದ ನಮ್ಮ ಮನೆಗೆ ಶೂನ್ಯ ಬಿಲ್ ಬರಬೇಕಿತ್ತು. ಕಾರಿನ ಪಾಲು ಸೇರಿ ಬಳಕೆ 200 ಯೂನಿಟ್ ದಾಟಿದ್ದರಿಂದ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗಿದೆ. ಪಕ್ಕದ ಮನೆಯವರು ಹೆಸ್ಕಾಂ ಬಿಲ್ಲನ್ನು ಮಡಚಿ ಜೇಬಿಗಿಟ್ಟುಕೊಳ್ಳುವಾಗ ನಾನು ಸಾವಿರದ ಆರುನೂರರ ಆಸುಪಾಸು ಕಟ್ಟುತ್ತೇನೆ. ಹಾಗೆಂದು ಇದನ್ನು ನಷ್ಟವೆನ್ನಲಾಗದು, ಏಕೆಂದರೆ ಹಳೆಯ ಪೆಟ್ರೋಲ್ ಕಾರು ಇಷ್ಟೇ ಓಡಾಟಕ್ಕೆ ಆರು ಸಾವಿರ ರೂಪಾಯಿಗೂ ಹೆಚ್ಚು ಕುಡಿಯುತ್ತಿತ್ತು. ಆದರೆ ಸಾವಿರ ಕಿ.ಮೀ.ಗೆ ಒಂಬೈನೂರು ಎಂಬ ಲೆಕ್ಕ ನಮ್ಮ ರಾಜ್ಯದ ಸಣ್ಣ ಮನೆಗೆ ಹೊಂದುವುದಿಲ್ಲ.

ಬ್ಯಾಟರಿ ಒಮ್ಮೆ ತುಂಬಿದರೆ ಓಡುವುದೆಂದು ಪರೀಕ್ಷೆಯಲ್ಲಿ ಪ್ರಮಾಣೀಕರಿಸಿದ ದೂರ 312 ಕಿ.ಮೀ. ಹೆದ್ದಾರಿಯಲ್ಲಿ ಗಂಟೆಗೆ 80ರಲ್ಲಿ ಸಮಾಧಾನವಾಗಿ ಹೋದರೆ ನನಗೆ 210 ಸಿಗುತ್ತದೆ, 100 ದಾಟಿಸಿದರೆ 170ಕ್ಕೆ ಇಳಿಯುತ್ತದೆ. ಕೊಲ್ಹಾರದ ಕೃಷ್ಣಾ ಸೇತುವೆ ದಾಟಿ ಬೀಳಗಿಯ ಮೇಲೆ ಬಾಗಲಕೋಟೆಗೆ ಹೋಗಿ ಅದೇ ದಿನ ಮರಳುವುದಕ್ಕೆ ಇಷ್ಟು ಸಾಕು, ಆದರೆ ಬಲಗಾಲು ಶಿಸ್ತಿನಲ್ಲಿರಬೇಕು. ಒಮ್ಮೆ ಆ ಶಿಸ್ತು ತಪ್ಪಿ, ಶೇ 14 ಉಳಿದಿರುವಾಗ ದಾರಿಬದಿಯ ಒಂದು ಹೋಟೆಲಿನ ಚಾರ್ಜರ್ ಹುಡುಕಿಕೊಂಡು ಹೋದೆ. ಆ್ಯಪಿನಲ್ಲಿ ಅದು ಖಾಲಿಯಿದೆ ಎಂದೇ ತೋರಿಸುತ್ತಿತ್ತು. ಹೋಗಿ ನೋಡಿದರೆ ಯಂತ್ರದ ಮುಂದೆ ಕಬ್ಬು ತುಂಬಿದ ಎರಡು ಟ್ರೇಲರುಗಳು ನಿಂತಿದ್ದವು, ಚಾಲಕ ಊಟಕ್ಕೆ ಕುಳಿತಿದ್ದ. ಅವನು ಕೈ ತೊಳೆದು ಬಂದು ಟ್ರ್ಯಾಕ್ಟರ್ ಸರಿಸಿಕೊಟ್ಟ ಮೇಲೆ ಯಂತ್ರದ ಪರದೆಯೇ ಸತ್ತಿರುವುದು ತಿಳಿಯಿತು. ಮುಂಗಡವಾಗಿ ತುಂಬಿದ್ದ ಐನೂರು ರೂಪಾಯಿ ಮರಳಿ ಬರಲು ಹನ್ನೊಂದು ದಿನ ಬೇಕಾಯಿತು. ಅಂದು ಏಸಿ ಆರಿಸಿ, ಗಾಜು ಇಳಿಸಿ, ಗಂಟೆಗೆ ನಲವತ್ತರಲ್ಲಿ ಮನೆ ಸೇರಿದಾಗ ಶೇ 3 ಉಳಿದಿತ್ತು.

ಊರೊಳಗೆ ಮಾತ್ರ ಈ ಕಾರಿಗೆ ಸಾಟಿಯಿಲ್ಲ. ಗಾಂಧಿ ಚೌಕದ ದಟ್ಟಣೆಯಲ್ಲಿ ಕ್ಲಚ್ಚಿಲ್ಲ, ಗೇರಿಲ್ಲ. ಆಕ್ಸಿಲರೇಟರ್ ಬಿಟ್ಟೊಡನೆ ಕಾರು ತಾನೇ ನಿಧಾನವಾಗಿ, ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಗೋಳಗುಮ್ಮಟದ ಮುಂದೆ ಟಾಂಗಾ ಕುದುರೆಗಳ ಪಕ್ಕದಲ್ಲಿ ಹಾದರೂ ಅವು ಕಿವಿ ನಿಮಿರಿಸುವುದಿಲ್ಲ. ರಸ್ತೆಯ ನಡುವೆ ನಿಂತ ಎಮ್ಮೆಗಳಿಗೂ ಸದ್ದು ಕೇಳಿಸದ ಕಾರಣ ಹಾರ್ನ್ ಒತ್ತುವುದು ಮೊದಲಿಗಿಂತ ಹೆಚ್ಚಾಗಿದೆ.

ಸ್ವಂತ ಅಂಗಳ, ಸ್ವಂತ ಮೀಟರ್ ಇದ್ದವರು ಬುಕಿಂಗ್ ಮಾಡುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್ ಅಳೆಸಿಕೊಳ್ಳುವುದು ಒಳಿತು. ಶೋರೂಮಿನ ಕೊಟೇಶನ್ನಿನಲ್ಲಿ ಆ ಖರ್ಚು ಇರುವುದಿಲ್ಲ. ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿರುವವರಿಗೆ ಈ ಕಾರು ಕೊಳ್ಳಿ ಎಂದು ನಾನು ಸದ್ಯಕ್ಕೆ ಹೇಳಲಾರೆ. ಹುಬ್ಬಳ್ಳಿಯ ಮದುವೆಗಳಿಗಂತೂ ನಾವು ಈಗಲೂ ಬಸ್ಸಿನಲ್ಲೇ ಹೋಗಿಬರುತ್ತೇವೆ.